ಹಗ್ಗ ಹಿಡಿದ ಕೈ

ತುಮಕೂರು ಸೀಮೆಯ ಊರ್ಡಿಗೆರೆಯ ಆಸುಪಾಸಿನಲ್ಲಿ, ಗುಬ್ಬಿ ಕುಣಿಗಲ್ಲುಗಳ ಕೆರೆಬಯಲಿನಲ್ಲಿ, ನೀರಿನ ತಳ ಮುಟ್ಟಿ ಬರುವುದು ಹುಡುಗರಿಗೆ ಪಂದ್ಯವಾಗಿತ್ತು, ಕೆರೆಯ ನೀರು ಬಿಡುವ ನೀರುಗಂಟಿಗೆ ಕೆಲಸವಾಗಿತ್ತು. ಹಳೆಯ ಕೆರೆಯ ತೂಬು ಈಗಿನ ಗೇಟಿನ ಹಾಗೆ ಚಕ್ರ ತಿರುಗಿಸಿ ತೆರೆಯುವಂಥದ್ದಲ್ಲ. ಏರಿಯ ಒಳಬದಿಗೆ ನೀರಿನಲ್ಲಿ ನಿಂತ ಎರಡು ಕಲ್ಲುಕಂಬ, ಅವುಗಳ ನಡುವೆ ತೂತು ಕೊರೆದ ಅಡ್ಡಗಲ್ಲು, ಆ ತೂತಿನಿಂದ ಕೆಳಗಿಳಿದ ಮರದ ಗಣೆ, ಗಣೆಯ ತುದಿಯಲ್ಲಿ ಕಂಡಿ ಮುಚ್ಚುವ ಬಿರಡೆ. ಹೂಳು ಕೂತು ಬಿರಡೆ ಕಚ್ಚಿಕೊಂಡರೆ, ಗಣೆ ಮುರಿದರೆ, ಕಂಡಿಗೆ ಕೊಂಬೆ ಸಿಕ್ಕಿಕೊಂಡರೆ ಯಾರಾದರೊಬ್ಬರು ದಮ್ಮು ಕಟ್ಟಿ ಕೆಳಗೆ ಹೋಗಲೇಬೇಕು. ಕಂಡಿ ತೆರೆದ ಕ್ಷಣ ಕೆರೆಯ ಭಾರವೆಲ್ಲ ಆ ಗೇಣಗಲದ ತೂತಿನತ್ತ ನುಗ್ಗುತ್ತದೆ. ಕೈಯೋ ಕಾಲೋ ಅದಕ್ಕೆ ಸಿಕ್ಕಿದರೆ ಬಿಡಿಸಿಕೊಳ್ಳುವುದು ಮನುಷ್ಯನ ಬಲಕ್ಕೆ ಮೀರಿದ್ದು. ಮೇಲಿಂದ ನೋಡಿದರೆ ಅಲೆಯಿಲ್ಲದ, ಸುಳಿಯಿಲ್ಲದ ಶಾಂತ ಕೆರೆ. ಮೈಸೂರು ಸೀಮೆಯ ಹಳ್ಳಿಗಳು ಈ ಅಪಾಯಕ್ಕೆ ಒಂದು ಬೆಲೆ ಕಟ್ಟಿದ್ದವು. ಆಯಗಾರರ ಸಾಲಿನಲ್ಲಿ ನೀರುಗಂಟಿಗೂ ಜಾಗವಿತ್ತು. ಸುಗ್ಗಿಯಲ್ಲಿ ಕಣದಿಂದ ಆಯ, ಕೆಲವು ಕಡೆ ಇನಾಮು ಹೊಲ. ಅಚ್ಚುಕಟ್ಟಿನ ರೈತರಿಗೆಲ್ಲ ನೀರು ಸಲೀಸಾಗಿ ಬರುತ್ತಿತ್ತು, ಏಕೆಂದರೆ ಸಲೀಸಲ್ಲದ ಭಾಗವನ್ನು ಊರು ಒಬ್ಬನ ಮೇಲೆ ಹೊರಿಸಿ, ಅದಕ್ಕೆ ಕೂಲಿ ಕೊಟ್ಟಿತ್ತು.

ಈಗ ಅದೇ ಸೀಮೆಯ ಹುಡುಗ ಹುಡುಗಿಯರು ರಜೆ ಬಂತೆಂದರೆ ಕಡಲ ತಳ ನೋಡಲು ಹೊರಡುತ್ತಾರೆ. ಮುರ್ಡೇಶ್ವರದಿಂದಾಚೆ ನೇತ್ರಾಣಿ, ಕೈಯಲ್ಲಿ ಇನ್ನಷ್ಟು ಹಣವಿದ್ದರೆ ಅಂಡಮಾನಿನ ಹ್ಯಾವ್‌ಲಾಕ್, ಪರವಾನಗಿ ಸಿಕ್ಕರೆ ಲಕ್ಷದ್ವೀಪ. ಹೊರಡುವ ಮೊದಲು ಎಲ್ಲರೂ ಕೇಳುವುದು ಒಂದೇ: ಹೊಸಬರಿಗೆ ಸುಲಭದ ಡೈವ್ ಎಲ್ಲಿದೆ? ಉತ್ತರವೂ ಹೆಚ್ಚು ಕಡಿಮೆ ಒಂದೇ: ಆಳ ಕಡಿಮೆ ಇರುವಲ್ಲಿ, ನೀರು ತಿಳಿಯಾಗಿರುವಲ್ಲಿ, ಸೆಳೆತ ಇಲ್ಲದಲ್ಲಿ. ಈ ಉತ್ತರ ಸುಳ್ಳಲ್ಲ, ಆದರೆ ಹುಡುಕಬೇಕಾದ ಜಾಗ ಅದಲ್ಲ ಎಂಬುದು ನನ್ನ ವಾದ. ಮುಳುಗುವ ಕಸುಬಿನ ಚರಿತ್ರೆ ನೋಡಿದರೆ, ಸುಲಭ ಎಂಬುದು ಎಂದೂ ಕಡಲಿನಲ್ಲಿ ಇದ್ದದ್ದಲ್ಲ. ಕಷ್ಟವನ್ನು ಮುಳುಗುವವನ ಮೈಮೇಲಿಂದ ತೆಗೆದು ಇನ್ನೊಬ್ಬರ ಮೇಲೋ, ಒಂದು ಯಂತ್ರದ ಮೇಲೋ, ಒಂದು ನಿಯಮದ ಮೇಲೋ ಇಟ್ಟಾಗ ಹುಟ್ಟಿದ್ದು ಅದು. ಹಾಗಾಗಿ ಸುಲಭದ ಡೈವ್ ಆರಿಸುವುದೆಂದರೆ ಆ ಕಷ್ಟ ಈಗ ಯಾರ ಕೈಯಲ್ಲಿದೆ, ಆ ಕೈ ಗಟ್ಟಿಯಾಗಿದೆಯೇ ಎಂದು ನೋಡುವುದು.

ಮನ್ನಾರ್ ಕೊಲ್ಲಿಯ ಮುತ್ತಿನ ಬೇಟೆಯಿಂದ ಶುರುಮಾಡಬಹುದು. ಭಾರತ ಮತ್ತು ಸಿಂಹಳದ ನಡುವಿನ ಆ ನೀರಿನಲ್ಲಿ ಮುಳುಗುವವನು ಕಾಲಿಗೆ ಭಾರದ ಕಲ್ಲು ಸಿಕ್ಕಿಸಿಕೊಂಡು ನೇರ ತಳಕ್ಕೆ ಇಳಿಯುತ್ತಿದ್ದ. ಒಂದು ನಿಮಿಷದ ಆಜುಬಾಜಿನಲ್ಲಿ ಕೈಗೆ ಸಿಕ್ಕ ಚಿಪ್ಪುಗಳನ್ನು ಬುಟ್ಟಿಗೆ ತುಂಬಿ ಹಗ್ಗ ಜಗ್ಗುತ್ತಿದ್ದ. ದೋಣಿಯಲ್ಲಿ ಅವನಿಗೆಂದೇ ಒಬ್ಬ ಜೊತೆಗಾರ ಹಗ್ಗ ಹಿಡಿದು ನಿಂತಿರುತ್ತಿದ್ದ. ಜಗ್ಗಿದ್ದು ಗೊತ್ತಾದ ಕೂಡಲೇ ಮೇಲೆಳೆಯುವುದು ಅವನ ಕೆಲಸ. ಬುಟ್ಟಿಯನ್ನೂ, ಮನುಷ್ಯನನ್ನೂ. ಬೇಟೆಯ ದಿನಗಳಲ್ಲಿ ದಡದಲ್ಲಿ ಕೂತು ಶಾರ್ಕುಗಳ ಬಾಯಿ ಕಟ್ಟುವ ಮಂತ್ರವಾದಿಗಳೂ ಇದ್ದರು. ಅವರಿಲ್ಲದೆ ಯಾರೂ ನೀರಿಗಿಳಿಯಲು ಒಪ್ಪದ ಕಾರಣ ಬ್ರಿಟಿಷ್ ಸರ್ಕಾರವೇ ಅವರಿಗೆ ಸಂಬಳ ಕೊಡಬೇಕಾಗಿತ್ತು. ಮಂತ್ರದಿಂದ ಶಾರ್ಕಿಗೆ ಏನಾಯಿತೋ, ಮುಳುಗುವವನ ಎದೆಬಡಿತವಂತೂ ಹದಕ್ಕೆ ಬರುತ್ತಿತ್ತು. ನೀರಿನೊಳಗೆ ಅದು ಸಣ್ಣ ಸಹಾಯವಲ್ಲ. ನಮ್ಮ ಕರಾವಳಿಯಲ್ಲೂ ಬಂಡೆಗೆ ಅಂಟಿದ ಪಚ್ಚಿಲೆ ಕೀಳಲು ಮುಳುಗುವವರಿದ್ದಾರೆ. ಈ ಎಲ್ಲ ಕಸುಬುಗಳಲ್ಲಿ ಇರುವುದು ಮುಳುಗುವವನ ಸ್ವಂತ ಉಸಿರು ಮತ್ತು ಮೇಲಿನವನ ಕೈ, ಎರಡೇ. ಕಷ್ಟದ ಬಹುಪಾಲು ಎದೆಯೊಳಗೇ ಉಳಿಯುತ್ತಿತ್ತು.

ಗಾಳಿಯನ್ನು ಕೆಳಗೆ ಕಳಿಸಲು ಕಲಿತ ಮೇಲೆ ಕಷ್ಟ ಕಡಿಮೆಯಾಯಿತು ಅಂದುಕೊಂಡರು, ಆದರೆ ಅದು ವೇಷ ಬದಲಿಸಿತ್ತು. 1837ರಲ್ಲಿ ಆಗಸ್ಟಸ್ ಸೀಬೆ ಲಂಡನ್ನಿನಲ್ಲಿ ಮೈಯೆಲ್ಲ ಮುಚ್ಚುವ ಹೆಲ್ಮೆಟ್ಟಿನ ಉಡುಪು ರೂಪಿಸಿದ. ಮೇಲಿನ ದೋಣಿಯಲ್ಲಿ ಪಂಪು ಒತ್ತುತ್ತಿದ್ದರೆ ತಳದಲ್ಲಿ ಗಂಟೆಗಟ್ಟಲೆ ಇರಬಹುದಾಗಿತ್ತು. ಗ್ರೀಸಿನ ಸ್ಪಂಜು ತೆಗೆಯುವವರಿಗೆ ಈ ಉಡುಪು ಸಿಕ್ಕಿದ ಮೇಲೆ ದ್ವೀಪಗಳಲ್ಲಿ ಊರುಗೋಲು ಹಿಡಿದ ಯುವಕರು ಹೆಚ್ಚಿದರು. ಆಳದಿಂದ ನಗುನಗುತ್ತ ಮೇಲೆ ಬಂದವರು ಗಂಟೆಯೊಳಗೆ ಕಾಲಿನ ಸ್ವಾಧೀನ ಕಳೆದುಕೊಳ್ಳುತ್ತಿದ್ದರು. ನದಿಯ ತಳದಲ್ಲಿ ಒತ್ತಡದ ಗಾಳಿ ತುಂಬಿದ ಪೆಟ್ಟಿಗೆಗಳೊಳಗೆ ಸೇತುವೆಯ ಪಾಯ ಅಗೆಯುತ್ತಿದ್ದ ಕೂಲಿಗಳಿಗೂ ಇದೇ ರೋಗ. 1870ರ ದಶಕದ ಆರಂಭದಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ ಹತ್ತಕ್ಕೂ ಹೆಚ್ಚು ಕೆಲಸಗಾರರು ಸತ್ತರು. ಬ್ರೂಕ್ಲಿನ್ ಸೇತುವೆಯ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ 1872ರಲ್ಲಿ ಹಾಸಿಗೆ ಹಿಡಿದು, ಉಳಿದ ಕಾಮಗಾರಿಯನ್ನು ಕಿಟಕಿಯಿಂದ ನೋಡುತ್ತ ಮುಗಿಸಿದ. ಈ ಗುಳ್ಳೆರೋಗದ ಕಾರಣ ಹೇಳಿದ್ದು ಫ್ರಾನ್ಸಿನ ಪಾಲ್ ಬೆರ್, 1878ರಲ್ಲಿ. ಒತ್ತಡದಲ್ಲಿ ರಕ್ತ ಮಾಂಸಗಳಲ್ಲಿ ಕರಗಿದ ನೈಟ್ರೋಜನ್, ಒತ್ತಡ ತಟ್ಟನೆ ಇಳಿದಾಗ ಗುಳ್ಳೆಯಾಗಿ ಹೊರಬರುತ್ತದೆ. ಮೂವತ್ತು ವರ್ಷಗಳ ಬಳಿಕ, 1908ರಲ್ಲಿ, ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಜೊತೆಗಾರರು ಮೇಕೆಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಪರೀಕ್ಷಿಸಿ, ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇದ್ದವನು ಮೇಲೆ ಬರುವಾಗ ಎಲ್ಲೆಲ್ಲಿ ಎಷ್ಟು ನಿಲ್ಲಬೇಕು ಎಂಬ ಕೋಷ್ಟಕ ಕೊಟ್ಟರು. ಬ್ರಿಟಿಷ್ ನೌಕಾಪಡೆ ಅದನ್ನು ಒಪ್ಪಿಕೊಂಡಿತು. ಇವತ್ತು ಮಣಿಕಟ್ಟಿನ ಮೇಲೆ ಅಂಕಿ ಮಿನುಗಿಸುವ ಡೈವ್ ಕಂಪ್ಯೂಟರಿನ ಮೂಲ ಲೆಕ್ಕ ಆ ಮೇಕೆಗಳಿಂದ ಬಂದದ್ದು. ಸ್ಪಂಜಿನವರ ಕಾಲು, ಸೇತುವೆಯವರ ಜೀವ, ಮೇಕೆಗಳ ನೋವು ಸೇರಿ ಒಂದು ಹಾಳೆಯ ಕೋಷ್ಟಕವಾದವು. ಹೊಸಬ ಅದನ್ನು ಓದಬೇಕಾಗಿಯೂ ಇಲ್ಲ.

ಬೆನ್ನಿಗೆ ಸಿಲಿಂಡರ್ ಕಟ್ಟಿ ಮೀನಿನಂತೆ ತಿರುಗುವ ಕಾಲ ಬಂದದ್ದು ಯುದ್ಧದ ನಡುವೆ. ಉಸಿರು ಎಳೆದಾಗ ಮಾತ್ರ ಗಾಳಿ ಬಿಡುವ ಕವಾಟ ಫ್ರಾನ್ಸಿನಲ್ಲಿ 1865ರಲ್ಲೇ ಇತ್ತು, ರೂಕೈರೋಲ್ ಮತ್ತು ದೆನೈರೂಸ್ ಎಂಬಿಬ್ಬರದು. ಆದರೆ ಗಾಳಿಯನ್ನು ಹೆಚ್ಚಿನ ಒತ್ತಡದಲ್ಲಿ ಹಿಡಿದಿಡುವ ಉಕ್ಕಿನ ಸಿಲಿಂಡರ್ ಆಗ ಇರಲಿಲ್ಲ. ಜರ್ಮನರ ಆಳ್ವಿಕೆಯ ಫ್ರಾನ್ಸಿನಲ್ಲಿ ಪೆಟ್ರೋಲು ಸಿಗದೆ ಕಾರುಗಳನ್ನು ಗ್ಯಾಸಿನಲ್ಲಿ ಓಡಿಸಲು ಎಮಿಲ್ ಗಾನ್ಯಾನ್ ಎಂಬ ಎಂಜಿನಿಯರ್ ಒಂದು ಕವಾಟ ಮಾಡಿದ್ದ. ನೌಕಾಧಿಕಾರಿ ಜಾಕ್ ಕುಸ್ತೋ ಅವನ ಬಳಿ ಹೋಗಿ ಅದನ್ನೇ ಮನುಷ್ಯನ ಬಾಯಿಗೆ ಹೊಂದಿಸಿಕೊಂಡ. 1943ರಲ್ಲಿ ಆ ಆಕ್ವಾಲಂಗ್ ಸಿದ್ಧವಾಯಿತು. 1956ರಲ್ಲಿ ಕುಸ್ತೋನ 'ದಿ ಸೈಲೆಂಟ್ ವರ್ಲ್ಡ್' ಚಿತ್ರಕ್ಕೆ ಕಾನ್ ಉತ್ಸವದ ಅತ್ಯುಚ್ಚ ಪ್ರಶಸ್ತಿ ಬಂದ ಮೇಲೆ ಕಡಲ ತಳ ಲೋಕದ ಮನೆಮಾತಾಯಿತು. ಆದರೂ ಆ ಕಾಲದ ಡೈವ್ ಸುಲಭದ್ದಾಗಿರಲಿಲ್ಲ. ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಎಂದು ತೋರಿಸುವ ಗೇಜು ವಾಡಿಕೆಯಲ್ಲಿರಲಿಲ್ಲ; ಉಸಿರು ಬಿಗಿಯಾದಾಗ ಕಡ್ಡಿ ಎಳೆದು ಕಾಯ್ದಿಟ್ಟ ಗಾಳಿ ತೆರೆಯಬೇಕು, ತೆರೆದ ಮೇಲೆ ಮೇಲಕ್ಕೆ ಬರಬೇಕು. ನೀರಿನಲ್ಲಿ ತೇಲುವುದನ್ನು ಮುಳುಗುವುದನ್ನು ಹದಗೊಳಿಸುವ ಜಾಕೆಟ್ ಇರಲಿಲ್ಲ. ಮೋರಿಸ್ ಫೆಂಜಿಯ ಗಾಳಿ ತುಂಬುವ ಕವಚ ಬಂದದ್ದು 1961ರಲ್ಲಿ, ತೋಳು ಹಾಕಿ ತೊಡುವ ಜಾಕೆಟ್ 1970ರ ದಶಕದಲ್ಲಿ. ಜೊತೆಗಾರನ ಗಾಳಿ ಮುಗಿದರೆ ಒಂದೇ ಬಾಯಿತುಂಡನ್ನು ಇಬ್ಬರೂ ಸರದಿಯಲ್ಲಿ ಹೀರಬೇಕಿತ್ತು. ಎರಡನೆಯದನ್ನು ಸಿಲಿಂಡರಿಗೆ ತಗುಲಿಹಾಕುವ ಯೋಚನೆ ವಾಡಿಕೆಗೆ ಬರಲು 1960ರ ದಶಕ ಕಳೆಯಬೇಕಾಯಿತು. ಇಷ್ಟು ಸರಳ ಉಪಾಯ ಇಷ್ಟು ತಡವಾಗಿ ಹೊಳೆದದ್ದೇಕೆ ಎಂದು ಯಾರಿಗಾದರೂ ಅನ್ನಿಸಬೇಕು. ಪ್ರತಿಯೊಂದು ಸಲಕರಣೆಯೂ ಒಂದೊಂದು ಕಷ್ಟವನ್ನು ಮುಳುಗುವವನ ಕೈಯಿಂದ ಕಿತ್ತುಕೊಂಡಿತು. ಆ ಸಲಕರಣೆ ಕೆಟ್ಟರೆ ಕಷ್ಟ ಹಳೆಯ ಜಾಗಕ್ಕೇ ಹಿಂದಿರುಗುತ್ತದೆ ಎಂಬುದನ್ನೂ ಇಲ್ಲಿ ಗಮನಿಸಬೇಕು.

ಕಲಿಸುವ ಕ್ರಮದ ಕತೆಯೂ ಇದೇ. ಯುದ್ಧ ಮುಗಿದ ಹೊಸತರಲ್ಲಿ ಅಮೆರಿಕದ ಆಟದ ಸಾಮಾನಿನ ಅಂಗಡಿಗಳಲ್ಲಿ ಆಕ್ವಾಲಂಗ್ ದುಡ್ಡು ಕೊಟ್ಟವರಿಗೆಲ್ಲ ಸಿಗುತ್ತಿತ್ತು, ಹೇಳಿಕೊಡುವವರು ಇರಲಿಲ್ಲ. ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಾಗರ ವಿಜ್ಞಾನ ಸಂಸ್ಥೆ 1950ರ ದಶಕದ ಆರಂಭದಲ್ಲಿ ತನ್ನ ಸಂಶೋಧಕರಿಗೆ ತರಬೇತಿಯ ಕ್ರಮ ರೂಪಿಸಿತು. 1954-55ರ ಸುಮಾರಿಗೆ ಲಾಸ್ ಏಂಜಲೀಸ್ ಕೌಂಟಿ ಸಾರ್ವಜನಿಕರಿಗೆ ಕಲಿಸುವ ಶಿಕ್ಷಕರನ್ನು ತಯಾರುಮಾಡತೊಡಗಿತು. ಸ್ಕ್ರಿಪ್ಸಿನ ಪಾಠ ಕಟ್ಟಿದ ಕಾನ್ರಾಡ್ ಲಿಂಬಾ 1960ರಲ್ಲಿ ಫ್ರಾನ್ಸಿನ ನೀರೊಳಗಿನ ಗುಹೆಯೊಂದರಲ್ಲಿ ದಾರಿ ತಪ್ಪಿ ಸತ್ತ. ಅಂದಿನ ಪಾಠ ಸೈನ್ಯದ ಕವಾಯತಿನಂತಿತ್ತು. ಈಜುಕೊಳದ ತಳದಲ್ಲಿ ಶಿಕ್ಷಕ ಮಾಸ್ಕ್ ಕಿತ್ತೆಸೆಯುತ್ತಿದ್ದ, ಗಾಳಿ ಬಂದ್ ಮಾಡುತ್ತಿದ್ದ, ಗಾಬರಿಯಾದವರು ಮನೆಗೆ. 1966ರಲ್ಲಿ ಜಾನ್ ಕ್ರೋನಿನ್ ಮತ್ತು ರಾಲ್ಫ್ ಎರಿಕ್ಸನ್ ಪಾಡಿ ಸಂಸ್ಥೆ ಶುರುಮಾಡಿದಾಗ ಈ ಕ್ರಮ ತಲೆಕೆಳಗಾಯಿತು. ಪಾಠವನ್ನು ತುಂಡು ತುಂಡಾಗಿ ಕತ್ತರಿಸಿ, ರಜೆಯ ನಾಲ್ಕು ದಿನದಲ್ಲಿ ಮುಗಿಯುವಂತೆ ಮಾಡಿದರು. ಕೊನೆಗೆ ಪಾಠವೇ ಬೇಡದ, ಒಂದು ಬೆಳಗ್ಗೆಯಲ್ಲಿ ಮುಗಿಯುವ ರುಚಿ ತೋರಿಸುವ ಡೈವ್ ಬಂತು. ಪ್ರಮಾಣಪತ್ರ ಬೇಕೆಂದರೆ 200 ಮೀಟರ್ ಈಜಬೇಕು, ಹತ್ತು ನಿಮಿಷ ತೇಲಬೇಕು, ಆಗ 18 ಮೀಟರ್‌ವರೆಗೆ ಇಳಿಯಬಹುದು. ರುಚಿಯ ಡೈವಿಗೆ ಈಜೂ ಬೇಡ, ಮಿತಿ 12 ಮೀಟರ್. ನಮ್ಮಲ್ಲಿ ಸಾಮಾನ್ಯವಾಗಿ ಇನ್‌ಸ್ಟ್ರಕ್ಟರ್ ಹೊಸಬನ ಸಿಲಿಂಡರನ್ನೇ ಹಿಂದಿನಿಂದ ಹಿಡಿದಿರುತ್ತಾನೆ. ಜಾಕೆಟ್ಟಿಗೆ ಗಾಳಿ ತುಂಬುವವನೂ ಬಿಡುವವನೂ ಅವನೇ, ಗೇಜು ನೋಡುವವನೂ ಅವನೇ. ಹಳಬರು ಇದನ್ನು ಕಸುಬಿನ ಅಧಃಪತನವೆಂದು ಬೈದರು. ನನಗೆ ಹಾಗನ್ನಿಸುವುದಿಲ್ಲ. ಹಳೆಯ ಕ್ರಮ ಕಷ್ಟವನ್ನು ಕಲಿಯುವವನ ಮೇಲೆ ಹೇರಿ ಬಲಹೀನರನ್ನು ದೂಡುತ್ತಿತ್ತು. ಹೊಸದು ಎಲ್ಲವನ್ನೂ ಒಬ್ಬ ಕೂಲಿಯ ಮೇಲೆ ಹೊರಿಸಿ ಬಾಗಿಲು ತೆರೆಯಿತು. ಮನ್ನಾರಿನ ದೋಣಿಯಲ್ಲಿ ಹಗ್ಗ ಹಿಡಿದವನೇ ಈಗ ನೀರೊಳಗೆ ಇಳಿದುಬಂದಿದ್ದಾನೆ.

ಇಲ್ಲಿ ನಮ್ಮ ಸೀಮೆಯವರು ಒಂದು ಆಕ್ಷೇಪ ಎತ್ತಬಹುದು, ಅದು ತಳ್ಳಿಹಾಕುವಂಥದ್ದೂ ಅಲ್ಲ. ಸೊಂಟಕ್ಕೆ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿಕೊಂಡು ಕಪಿಲೆಬಾವಿಯಲ್ಲಿ ಈಜು ಕಲಿತವರು, ಮೂವತ್ತಡಿ ಬಾವಿಗೆ ಧುಮುಕಿ ತಳದ ಕೆಸರನ್ನು ಹಿಡಿತುಂಬ ತಂದು ತೋರಿಸಿದವರು, ಇಂಥವರಿಗೆ ಕಡಲಿನ ಎಂಟು ಮೀಟರ್ ಯಾವ ಲೆಕ್ಕ, ಕೈಹಿಡಿದು ನಡೆಸುವವನು ಏಕೆ? ಈಜು ಬಲ್ಲವನಿಗೆ ನೀರಿನ ಭಯ ಕಡಿಮೆ, ಅಷ್ಟು ನಿಜ. ಆದರೆ ಬಾವಿ ಕಲಿಸಿದ ಮೊದಲ ಪಾಠವೇ ಸ್ಕೂಬಾದಲ್ಲಿ ಪ್ರಾಣಕ್ಕೆ ಎರವಾಗುತ್ತದೆ. ಬಾವಿಯಲ್ಲಿ ಉಸಿರು ಕಟ್ಟಿದವನೇ ಜಾಣ. ಮೇಲೆ ಎಳೆದುಕೊಂಡ ಉಸಿರು ಕೆಳಗೆ ಕುಗ್ಗುತ್ತದೆ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ, ಎದೆಗೆ ಹಾನಿಯಿಲ್ಲ. ಸಿಲಿಂಡರಿನಿಂದ ಎಳೆದ ಉಸಿರು ಆ ಆಳದ ಒತ್ತಡದಲ್ಲೇ ಎದೆ ತುಂಬಿರುತ್ತದೆ. ಹತ್ತು ಮೀಟರಿನಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ಎದೆ ತುಂಬಿಕೊಂಡು, ಗಾಬರಿಯಲ್ಲಿ ದಮ್ಮು ಕಟ್ಟಿ ಮೇಲಕ್ಕೆ ಚಿಮ್ಮಿದರೆ ಆ ಗಾಳಿ ಬಾಯಿ ಕಟ್ಟಿದ ಬಲೂನಿನ ಹಾಗೆ ಎರಡರಷ್ಟಾಗಲು ನೋಡುತ್ತದೆ, ಶ್ವಾಸಕೋಶ ಹರಿಯುತ್ತದೆ. ಕಟ್ಟಬಾರದು, ಬಿಡುತ್ತಲೇ ಇರಬೇಕು: ಸ್ಕೂಬಾದ ಮೊದಲ ನಿಯಮ ಇದು, ಬಾವಿಯವನ ಅಭ್ಯಾಸಕ್ಕೆ ನೇರ ವಿರುದ್ಧ. ಆಳ ಕಡಿಮೆ ಇದ್ದರೆ ಅಪಾಯ ಕಡಿಮೆ ಎಂಬ ನಂಬಿಕೆಯೂ ಇಲ್ಲೇ ಮುರಿದುಬೀಳುತ್ತದೆ. ಮೂವತ್ತು ಮೀಟರಿನಿಂದ ಇಪ್ಪತ್ತಕ್ಕೆ ಬಂದರೆ ಗಾಳಿ ಹಿಗ್ಗುವುದು ಮೂರನೆಯ ಒಂದು ಪಾಲು; ಹತ್ತರಿಂದ ಮೇಲಕ್ಕೆ ಬಂದರೆ ಇಮ್ಮಡಿ. ಕಿವಿ ನೋಯುವುದೂ ಹೊಸಬರು ತಿರುಗಾಡುವ ಈ ಮೊದಲ ಹತ್ತು ಮೀಟರಿನಲ್ಲೇ. ಆಳದ ಮಿತಿ ಗುಳ್ಳೆರೋಗದಿಂದ ಕಾಪಾಡುತ್ತದೆ, ಗಾಬರಿಯಿಂದಲ್ಲ. ಅದಕ್ಕೆ ಬೇಕಾದ್ದು ತೋಳು ಹಿಡಿದು ಕೆಳಗೇ ನಿಲ್ಲಿಸುವ ಮನುಷ್ಯ. ಇನ್ನೊಂದು ವಿಪರ್ಯಾಸ: ಕೊಳವೆಬಾವಿಗಳು ನೂರಾರು ಅಡಿ ಕೆಳಗಿನ ನೀರನ್ನೂ ಹೀರಿದ ಮೇಲೆ ನಮ್ಮ ತೆರೆದ ಬಾವಿಗಳು ಬತ್ತಿಹೋದವು. ಬಾವಿಯಲ್ಲಿ ಈಜಿದ ತಲೆಮಾರಿಗೆ ಕಡಲಿಗೆ ಹೋಗುವ ಅನುಕೂಲವಿರಲಿಲ್ಲ. ಅನುಕೂಲ ಬಂದ ತಲೆಮಾರಿಗೆ ಈಜು ಬಾರದು.

ಕಡಲು ಈ ಸೀಮೆಗೆ ತಡವಾಗಿ ಸಿಕ್ಕಿದ್ದೂ ಹೌದು. ಬ್ರಿಟಿಷರ ಕಾಲದ ಮೈಸೂರು ಸಂಸ್ಥಾನಕ್ಕೆ ಕರಾವಳಿಯೇ ಇರಲಿಲ್ಲ. ಮಂಗಳೂರು ಮದರಾಸಿನದು, ಕಾರವಾರ ಹೊನ್ನಾವರ ಭಟ್ಕಳಗಳು 1862ರಿಂದ ಮುಂಬಯಿ ಪ್ರಾಂತ್ಯದವು. ತುಮಕೂರಿಗೂ ಮುರ್ಡೇಶ್ವರಕ್ಕೂ ಒಂದೇ ರಾಜ್ಯವಾದದ್ದು 1956ರ ನವೆಂಬರ್ 1ರಂದು. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಉತ್ತರ ಪಿನಾಕಿನಿಯನ್ನು ಸೇರಿ ಪೂರ್ವದ ಕಡಲಿಗೆ ಹೋಗುತ್ತದೆ. ಊರಿನ ನೀರು ಹೋಗುವ ದಿಕ್ಕಿಗೆ ಬೆನ್ನುಹಾಕಿ ಜನ ಪಶ್ಚಿಮದ ಕಡಲಿಗೆ ಹೋಗತೊಡಗಿದ್ದು ಏಕೀಕರಣದ ಮೇಲೆ. ನೇತ್ರಾಣಿ ಆಗಲೂ ಹೆಚ್ಚಾಗಿ ಬೆಸ್ತರಿಗೇ ಗೊತ್ತಿದ್ದ ದ್ವೀಪ. ಮುರ್ಡೇಶ್ವರದಿಂದ ಸುಮಾರು ಹತ್ತು ನಾಟಿಕಲ್ ಮೈಲಿ ಆಚೆ, ಕಡಲಿನಿಂದ ಕಡಿದಾಗಿ ಎದ್ದ ಬಂಡೆಯ ಗುಡ್ಡ, ದಡವೆಂಬುದಿಲ್ಲ. ಬ್ರಿಟಿಷರ ನಕಾಶೆಯಲ್ಲಿ ಅದು ಪಾರಿವಾಳಗಳ ಹೆಸರಿನ ಪಿಜನ್ ಐಲ್ಯಾಂಡ್. ಸ್ವಾತಂತ್ರ್ಯದ ಬಳಿಕ ನಮ್ಮ ನೌಕಾಪಡೆ ಅದನ್ನು ಫಿರಂಗಿಯ ಗುರಿ ಅಭ್ಯಾಸಕ್ಕೆ ಬಳಸುತ್ತ ಬಂತು. ಹವಳದ ನಡುವೆ ಸಿಡಿಗುಂಡಿನ ಚಿಪ್ಪುಗಳು ಬಿದ್ದಿರುವುದನ್ನು ಮುಳುಗಿದವರು ನೋಡಿದ್ದಾರೆ. ಬಿಳಿಹೊಟ್ಟೆಯ ಕಡಲಹದ್ದು ಗೂಡುಕಟ್ಟುವ, ಗುಹೆಗಳಲ್ಲಿ ಬಾನಾಡಿಗಳು ಸಂಸಾರ ಹೂಡುವ ದ್ವೀಪದ ಮೇಲೆ ಗುಂಡು ಹಾರಿಸುವುದಕ್ಕೆ ಪರಿಸರದವರ ವಿರೋಧ ಬಹುಕಾಲ ನಡೆಯಿತು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಕರಾವಳಿಯನ್ನು ತೆರೆಯಿತು, ಈ ಶತಮಾನದಲ್ಲಿ ಸ್ಕೂಬಾ ದೋಣಿಗಳು ಬಂದವು. 2022ರ ಅಕ್ಟೋಬರ್ 28ರಂದು ತೆರೆಕಂಡ 'ಗಂಧದ ಗುಡಿ'ಯಲ್ಲಿ ಪುನೀತ್ ರಾಜ್‌ಕುಮಾರ್ ನೇತ್ರಾಣಿಯ ನೀರಿಗಿಳಿದದ್ದನ್ನು ಬಯಲುಸೀಮೆಯ ಮನೆಮನೆ ನೋಡಿತು. ಅಪ್ಪು ಹೋದಲ್ಲಿಗೆ ತಾವೂ ಹೋಗಬೇಕೆಂಬ ಆಸೆಗೆ ತರ್ಕ ಬೇಕಿಲ್ಲ.

ಹಾಗಾದರೆ ನೇತ್ರಾಣಿ ಸುಲಭವೇ? ಕಡಲನ್ನಷ್ಟೇ ನೋಡಿದರೆ ಉತ್ತರ ತಿಂಗಳಿಗೊಂದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ. ಮಳೆಗಾಲವೆಲ್ಲ ಸ್ಕೂಬಾ ಬಂದ್. ಅಕ್ಟೋಬರಿನಿಂದ ಮೇವರೆಗಿನ ಒಳ್ಳೆಯ ದಿನದಲ್ಲಿ ಅದೇ ಜಾಗ ಗಾಜಿನಂಥ ನೀರು. ಜಾಗ ಬದಲಾಗಲಿಲ್ಲ, ಕಾಲ ಬದಲಾಯಿತು. ಇನ್ನು ಹೊಸಬನಿಗೆ ನೇತ್ರಾಣಿಯಲ್ಲಿ ಕಷ್ಟ ಕಾದಿರುವುದು ನೀರೊಳಗಲ್ಲ, ನೀರ ಮೇಲೆ. ತೆರೆದ ಕಡಲಿನಲ್ಲಿ ಗಂಟೆಗೂ ಮಿಕ್ಕಿದ ದೋಣಿಯ ಪಯಣ, ವಾಂತಿ, ತಲೆಸುತ್ತು. ಕಾಲೂರಲು ದಡವಿಲ್ಲದ್ದರಿಂದ ದೋಣಿಯಿಂದಲೇ ಆಳದ ನೀರಿಗೆ ಬೀಳಬೇಕು, ಮರಳಿ ದೋಣಿಗೇ ಹತ್ತಬೇಕು. 2018ರಲ್ಲಿ ಸ್ವರಾಜ್ ದ್ವೀಪವೆಂದು ಹೆಸರು ಬದಲಾದ ಹ್ಯಾವ್‌ಲಾಕಿನ ನೀಮೋ ರೀಫಿನಲ್ಲಿ ದಡದಿಂದಲೇ ನಡೆದು ಇಳಿಯಬಹುದು; ಎದೆಮಟ್ಟದ ನೀರಿನಲ್ಲಿ ನಿಂತು ಬಾಯಿತುಂಡು ಕಚ್ಚಿ ಉಸಿರಾಡಿ ನೋಡಿ, ಹಿಡಿಸದಿದ್ದರೆ ನಡೆದೇ ವಾಪಸು ಬರಬಹುದು. ಲಕ್ಷದ್ವೀಪದ ಕದ್ಮತ್, ಬಂಗಾರಂಗಳಲ್ಲಿ ಹವಳದ ದಿಬ್ಬ ಅಲೆಯನ್ನು ಹೊರಗೇ ತಡೆಯುವುದರಿಂದ ಒಳಗಿನ ಲಗೂನು ಕೊಳದಂತಿರುತ್ತದೆ. ಈಜು ಬಾರದವನಿಗೆ, ಅಂಜುಬುರುಕನಿಗೆ ಈ ಎರಡು ಕಡೆ ಹೆಚ್ಚು ಅನುಕೂಲ ಎಂಬುದನ್ನು ನಾನು ಒಪ್ಪುತ್ತೇನೆ. ಅಷ್ಟರಮಟ್ಟಿಗೆ ಜಾಗವೂ ಲೆಕ್ಕಕ್ಕೆ ಬರುತ್ತದೆ. ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಗಟ್ಟಿ ಪುರಾವೆ ಇದೇ. ಆದರೆ ಅನುಕೂಲ ಏತರದು ಎಂದು ನೋಡಿ: ಹಿಂದಿರುಗುವ ದಾರಿ ಹೊಸಬನ ಕೈಯಲ್ಲೇ ಉಳಿಯುತ್ತದೆ ಎಂಬುದು. ದೋಣಿಯ ಡೈವಿನಲ್ಲಿ ಆ ದಾರಿಯನ್ನು ಇನ್ನೊಬ್ಬರಿಗೆ ಒಪ್ಪಿಸಿಯಾಗಿರುತ್ತದೆ. ಒಬ್ಬ ಇನ್‌ಸ್ಟ್ರಕ್ಟರಿಗೆ ನಾಲ್ವರು ಹೊಸಬರನ್ನು ಕಟ್ಟಿದ ಕೊಳದಂಥ ಲಗೂನಿಗಿಂತ, ಒಬ್ಬನಿಗೆ ಒಬ್ಬನಿರುವ ನೇತ್ರಾಣಿಯೇ ಮೇಲು.

ಆದ್ದರಿಂದ ಕೇಳಬೇಕಾದ ಪ್ರಶ್ನೆಗಳು ಮೀನಿನ ಬಗ್ಗೆ ಅಲ್ಲ. ಆರೋಗ್ಯದ ಫಾರಂ ತುಂಬಿಸಿಕೊಂಡು ಓದುತ್ತಾರೋ, ಸಹಿ ಹಾಕಿಸಿ ಕಟ್ಟಿಡುತ್ತಾರೋ? ನೆಗಡಿ, ಉಬ್ಬಸ, ಮೂರ್ಛೆ, ಕಿವಿಯ ಆಪರೇಷನ್ ಎಂದರೆ ಇಳಿಸದೆ ದುಡ್ಡು ವಾಪಸು ಕೊಡುತ್ತಾರೋ? ಕಡಲು ಕೆಟ್ಟ ದಿನ ದೋಣಿ ಬಿಡುವುದಿಲ್ಲ ಎನ್ನುವ ಎದೆಗಾರಿಕೆ ಇದೆಯೋ? ದೋಣಿಯಲ್ಲಿ ಆಮ್ಲಜನಕದ ಸಿಲಿಂಡರ್ ಇದೆಯೇ, ಗುಳ್ಳೆರೋಗಕ್ಕೆ ಒತ್ತಡದ ಕೋಣೆ ಹತ್ತಿರದಲ್ಲಿ ಎಲ್ಲಿದೆ ಎಂದು ತಡವರಿಸದೆ ಹೇಳಬಲ್ಲರೇ? ಇನ್ನೊಂದನ್ನು ಯಾರೂ ಕೇಳುವುದಿಲ್ಲ: ನನ್ನನ್ನು ಇಳಿಸುವವನು ಇವತ್ತು ಎಷ್ಟನೆಯ ಬಾರಿ ಇಳಿಯುತ್ತಿದ್ದಾನೆ? ಹೊಸಬ ಅರ್ಧ ಗಂಟೆ ಇದ್ದು ಮೇಲೆ ಬಂದು ಫೋಟೊ ನೋಡುತ್ತಾನೆ. ಇನ್‌ಸ್ಟ್ರಕ್ಟರ್ ಮುಂದಿನವನನ್ನು ಹಿಡಿದು ಮತ್ತೆ ಇಳಿಯುತ್ತಾನೆ, ಮತ್ತೆ ಏರುತ್ತಾನೆ. ಪದೇ ಪದೇ ಏರಿಳಿಯುವ ಮೈಯಲ್ಲೇ ನೈಟ್ರೋಜನ್ ಗುಳ್ಳೆಗೆ ಹೆಚ್ಚು ಅವಕಾಶ. ರಜೆಯ ಶನಿವಾರ ಭಾನುವಾರಗಳಲ್ಲಿ, ತುಂಬಿದ ದೋಣಿಯಲ್ಲಿ, ಕಷ್ಟವೆಲ್ಲ ರಾಶಿಬೀಳುವುದು ಅವನ ಮೇಲೆ. ದಣಿದ ಕೈ ನಮ್ಮ ಸಿಲಿಂಡರನ್ನು ಹಿಡಿದಿರುತ್ತದೆ ಎಂಬ ಸ್ವಾರ್ಥಕ್ಕಾದರೂ ಇದನ್ನು ಕೇಳಬೇಕು. ನೀರುಗಂಟಿಗೆ ಆಯ ಅಳೆಯುವಾಗ ಊರಿಗೆ ಅವನ ಮುಖ ಗೊತ್ತಿತ್ತು. ಕಡಿಮೆ ದರದ ಪ್ಯಾಕೇಜು ಹುಡುಕುವವನಿಗೆ ಆ ರಿಯಾಯಿತಿ ಯಾರ ಸಂಬಳದಿಂದ, ಯಾರ ವಿಶ್ರಾಂತಿಯಿಂದ ಬಂತೆಂದು ಗೊತ್ತಿರುವುದಿಲ್ಲ.

ಇಷ್ಟೆಲ್ಲ ಹೊಸಬನ ಸುಖಕ್ಕಾಗಿ, ಕಡಲಿನ ಗತಿಯೇನು ಎಂಬುದು ಕೊನೆಯ ಆಕ್ಷೇಪ. ಕಾಲು ಬಡಿದು ಹವಳ ಮುರಿಯುವವನು, ಕೆಸರೆಬ್ಬಿಸುವವನು, ಬಂಡೆಗೆ ಜೋತುಬೀಳುವವನು ಹೊಸಬನೇ. ಬಾಗಿಲು ಇಷ್ಟು ಅಗಲ ತೆರೆದದ್ದೇ ತಪ್ಪು ಎನ್ನುವವರಿದ್ದಾರೆ. ಈ ಮಾತಿನಲ್ಲಿ ಸತ್ಯವಿದೆ. 1998ರಲ್ಲಿ ಕಡಲು ಕಾದು ಲಕ್ಷದ್ವೀಪದ ಹವಳ, 2010ರಲ್ಲಿ ಅಂಡಮಾನಿನ ಹವಳ ಬಿಳಿಚಿದವು. ಸೋತುಹೋದ ಹವಳಕ್ಕೆ ಕಾಲಿನ ಒದೆತವೂ ಭಾರವೇ. ಆದರೆ ಹೊಸಬನ ಕಾಲು ಎಲ್ಲಿ ಬೀಳುತ್ತದೆ ಎಂಬುದನ್ನು ನಿರ್ಧರಿಸುವವನು ಅವನ ಸಿಲಿಂಡರ್ ಹಿಡಿದವನು. ತಳದಿಂದ ಒಂದಾಳು ಎತ್ತರದಲ್ಲಿ ತೇಲಿಸಿಕೊಂಡು ಹೋದರೆ ಹವಳ ಉಳಿಯುತ್ತದೆ. ಫೋಟೊಗೆಂದು ಹವಳದ ಮೇಲೆ ಮಂಡಿಯೂರಿಸಿದರೆ ಹೋಗುತ್ತದೆ. ದೋಣಿ ಕಟ್ಟಲು ತೇಲುಗುಂಡು ಹಾಕಿದ್ದಾರೋ, ಲಂಗರನ್ನೇ ಹವಳದ ಮೇಲೆ ಬಿಡುತ್ತಾರೋ ಎಂಬುದೂ ಹೊಸಬನ ಕೈಮೀರಿದ್ದು. ಇಲ್ಲೂ ಆರಿಸಬೇಕಾದದ್ದು ಮನುಷ್ಯರನ್ನೇ.

ಬಯಲುಸೀಮೆಯವರಿಗೆ ಇದರಲ್ಲಿ ಕರಾವಳಿಯವರಿಗಿಲ್ಲದ ಒಂದು ತೊಡಕಿದೆ, ಅದು ಮನೆಗೆ ಹೋಗುವ ದಾರಿ. ಮುಳುಗಿದ ಮೇಲೆ ಮೈಯಲ್ಲಿ ಉಳಿದ ನೈಟ್ರೋಜನ್ ನಿಧಾನವಾಗಿ ಹೊರಬೀಳಬೇಕು. ಅದಕ್ಕೆ ಮೊದಲೇ ಎತ್ತರಕ್ಕೆ ಹೋದರೆ, ಗಾಳಿಯ ಒತ್ತಡ ಇಳಿದು, ಹಾಲ್ಡೇನನ ಮೇಕೆಗಳಿಗೆ ಬಂದದ್ದೇ ಬರಬಹುದು. ಡೈವರ್ಸ್ ಅಲರ್ಟ್ ನೆಟ್‌ವರ್ಕ್ 2002ರಲ್ಲಿ ನಡೆಸಿದ ಕಾರ್ಯಾಗಾರ, ವಿಮಾನ ಹತ್ತುವವರಿಗೆ ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವಾಗಿದ್ದರೆ 18 ಗಂಟೆ ಬಿಡುವು ಹೇಳಿತು. ಆ ಸಲಹೆ ಹೊಂದುವುದು ಸುಮಾರು 600ರಿಂದ 2,400 ಮೀಟರ್ ಎತ್ತರದ ಗಾಳಿಗೆ. ತುಮಕೂರು ಇರುವುದು ಸುಮಾರು 820 ಮೀಟರಿನಲ್ಲಿ, ದೇವರಾಯನದುರ್ಗ ಅದಕ್ಕಿಂತ ಎಷ್ಟೋ ಮೇಲೆ. ಅಂದರೆ ಊರ್ಡಿಗೆರೆಯವನು ವಿಮಾನ ಹತ್ತದೆಯೂ, ಬಸ್ಸಿನಲ್ಲೇ, ವಿಮಾನ ಹತ್ತಿದವನ ಲೆಕ್ಕಕ್ಕೆ ಬರುತ್ತಾನೆ. ಆರೆಂಟು ಮೀಟರಿನಲ್ಲಿ ಒಂದೇ ಒಂದು ಅರ್ಧ ಗಂಟೆ ಇದ್ದವನಿಗೆ ಅಪಾಯ ತೀರ ಕಡಿಮೆ. ಪ್ರಮಾಣಪತ್ರ ಪಡೆದು 18 ಮೀಟರಿಗೆ ದಿನಕ್ಕೆರಡು ಬಾರಿ ಇಳಿದವನಿಗೆ ಅಷ್ಟು ಕಡಿಮೆಯಲ್ಲ. ಬೆಳಗ್ಗೆ ಸ್ಕೂಬಾ, ಸಂಜೆ ಬಸ್ಸು ಎಂಬ ಪ್ಯಾಕೇಜು ಈ ಲೆಕ್ಕವನ್ನು ಯಾರ ಮೇಲೂ ಹೊರಿಸದೆ ಬಿಟ್ಟುಬಿಡುತ್ತದೆ. ಇನ್‌ಸ್ಟ್ರಕ್ಟರಿನ ಜವಾಬ್ದಾರಿ ದಡದಲ್ಲಿ ಮುಗಿಯಿತು, ಡ್ರೈವರಿಗೆ ನೈಟ್ರೋಜನ್ ಗೊತ್ತಿಲ್ಲ. ಡೈವ್ ಮುಗಿದ ರಾತ್ರಿ ಮುರ್ಡೇಶ್ವರದಲ್ಲೇ ತಂಗಿ ಮರುದಿನ ಮಧ್ಯಾಹ್ನ ಹೊನ್ನಾವರದಿಂದ ಘಾಟಿ ಹತ್ತುವುದು ಸರಿಯಾದ ಕ್ರಮ. ಅದೇ ಪ್ರವಾಸದಲ್ಲಿ ಜೋಗವನ್ನೂ ನೋಡುವ ಮನಸ್ಸಿದ್ದರೆ, ಕಡಲಿಗೆ ಇಳಿಯುವ ದಾರಿಯಲ್ಲೇ ನೋಡಿಕೊಂಡುಬಿಡಬೇಕು.